ಕಾಯಿಲೆ ರಜೆ: ಗಡಿಯ ಈಚೆ ಎಷ್ಟು, ಆಚೆ ಎಷ್ಟು?

ಜ್ವರ ಬಂದವರಿಗೆ ರಜೆ ಕೇಳಲು ಸಂಕೋಚ. ಕೊಡುವವರಿಗೆ ಅನುಮಾನ. ಅವರ ಪಾಲಿನ ಕೆಲಸವನ್ನೂ ಹೊತ್ತ ಪಕ್ಕದವರಿಗೆ ಸಿಟ್ಟು. ಅಂಗಡಿ, ಹೋಟೆಲ್, ಕಾರ್ಖಾನೆ, ಕಚೇರಿ ಎಲ್ಲೇ ದುಡಿಯಲಿ, ನಮ್ಮ ಸದಸ್ಯರಿಗೆ ಈ ಮೂರೂ ಪರಿಚಿತ. ಗಡಿಯೂರಿನವರಿಗೆ ಇದರ ಮೇಲೆ ಇನ್ನೊಂದು ಗೊಂದಲವಿದೆ: ಮನೆ ಒಂದು ರಾಜ್ಯದಲ್ಲಿ, ಕೆಲಸ ಇನ್ನೊಂದರಲ್ಲಿ. ಯಾವ ಲೆಕ್ಕ ನಮಗೆ ಹತ್ತುತ್ತದೆ ಎಂಬುದೇ ಹಲವರಿಗೆ ಗೊತ್ತಿಲ್ಲ. ಸದಸ್ಯರಿಗೆ ಅನುಕೂಲವಾಗಲೆಂದು ಮುಖ್ಯ ವಿಷಯಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇವೆ.

ಮನೆಯಲ್ಲ, ಕೆಲಸದ ಜಾಗ ಮುಖ್ಯ

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಆಯಾ ರಾಜ್ಯದ್ದು. ಹೊಸೂರಿನಲ್ಲಿ ಮನೆಯಿದ್ದು ಬೆಂಗಳೂರಿನ ಅಂಗಡಿಯಲ್ಲಿ ದುಡಿಯುವವರಿಗೆ ಕರ್ನಾಟಕದ ಕಾಯ್ದೆ. ಹೊಸೂರಿನ ಅಂಗಡಿಯಲ್ಲೇ ಕೆಲಸವಾದರೆ ತಮಿಳುನಾಡಿನದು. ತಲಪಾಡಿ ದಾಟಿ ಮಂಗಳೂರಿಗೆ ಹೋಗುವ ಕಾಸರಗೋಡಿನವರಿಗೂ, ಬಳ್ಳಾರಿಗೆ ಹೋಗುವ ರಾಯದುರ್ಗದವರಿಗೂ ಇದೇ ಮಾತು.

* ತಮಿಳುನಾಡು (1947ರ ಕಾಯ್ದೆ): ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ಕಾಯಿಲೆ ರಜೆ. ಇದಲ್ಲದೆ 12 ದಿನ ಸಾಂದರ್ಭಿಕ ರಜೆ.
* ಕೇರಳ (1960ರ ಕಾಯ್ದೆ): ಕಾಯಿಲೆಗೆ 12, ಸಾಂದರ್ಭಿಕಕ್ಕೆ 12.
* ಆಂಧ್ರಪ್ರದೇಶ (1988ರ ಕಾಯ್ದೆ): ಇಲ್ಲೂ 12 ಮತ್ತು 12. ಅದೇ ಕಾಯ್ದೆಯನ್ನು ತೆಲಂಗಾಣ ಮುಂದುವರಿಸಿದೆ.
* ಕರ್ನಾಟಕ (1961ರ ಕಾಯ್ದೆ): ಕಾಯಿಲೆ, ಅಪಘಾತ ಅಥವಾ ಬೇರೆ ಸಕಾರಣಕ್ಕೆ ಎಲ್ಲ ಸೇರಿ 12.
* ಮಹಾರಾಷ್ಟ್ರ (2017ರ ಕಾಯ್ದೆ): ಕಾಯಿಲೆಗೆಂದೇ ಪ್ರತ್ಯೇಕ ರಜೆ ಇಲ್ಲ. 8 ದಿನ ಸಾಂದರ್ಭಿಕ ರಜೆ, ಜೊತೆಗೆ ದುಡಿದ ಪ್ರತಿ 20 ದಿನಕ್ಕೆ ಒಂದರಂತೆ ಗಳಿಕೆ ರಜೆ. ಕೆಲಸಗಾರರು ತೀರ ಕಡಿಮೆ ಇರುವ ಅಂಗಡಿಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ತಮಿಳುನಾಡಿನ ಕಾಯ್ದೆ ಮೂಲತಃ ಮದ್ರಾಸ್ ಪ್ರಾಂತ್ಯದ್ದು. ಆಗ ಕಾಸರಗೋಡು, ಆದೋನಿ, ರಾಯದುರ್ಗ, ಮಡಕಶಿರಾ, ಹೊಸೂರು ಎಲ್ಲವೂ ಆ ಪ್ರಾಂತ್ಯದೊಳಗೇ ಇದ್ದವು. ಇಂದು ಮೂರು ರಾಜ್ಯಗಳಿಗೆ ಹಂಚಿಹೋಗಿದ್ದರೂ 12ರ ಲೆಕ್ಕ ಮಾತ್ರ ಒಂದೇ ಆಗಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ನಮ್ಮವರ ಲೆಕ್ಕವೇ ಬೇರೆ.

ಕಾರ್ಖಾನೆಗಳಲ್ಲಿ ದುಡಿದ ಪ್ರತಿ 20 ದಿನಕ್ಕೆ ಒಂದು ದಿನದಂತೆ ಸಂಬಳ ಸಹಿತ ರಜೆ ಇದೆ. ಕಾಯಿಲೆಗೆಂದೇ ಬೇರೆ ರಜೆಯನ್ನು ಕಾರ್ಖಾನೆ ಕಾನೂನು ಹೇಳುವುದಿಲ್ಲ. ಆ ಕೊರತೆಯನ್ನು ತುಂಬಬೇಕಾದದ್ದು ಇಎಸ್‌ಐ.

ಇಎಸ್‌ಐ: ಗಡಿಯ ಎರಡೂ ಕಡೆ ಒಂದೇ

1948ರ ನೌಕರರ ರಾಜ್ಯ ವಿಮಾ ಕಾಯ್ದೆಯಿಂದ ಬಂದ ಈ ಯೋಜನೆ ಕೇಂದ್ರದ್ದು. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯಡಿ ಮುಂದುವರಿದಿದೆ. 2017ರಲ್ಲಿ ನಿಗದಿಯಾದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. 2019ರ ಜುಲೈಯಿಂದ ನೌಕರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25.

ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಕ್ಕೆ ವಂತಿಗೆ ಸಂದಿದ್ದರೆ, ಅದಕ್ಕೆ ಸಂಬಂಧಿಸಿದ ಮುಂದಿನ ಅವಧಿಯಲ್ಲಿ ಕಾಯಿಲೆ ಬಿದ್ದಾಗ ಸರಾಸರಿ ದಿನಗೂಲಿಯ ಶೇ. 70 ಸಿಗುತ್ತದೆ. ವರ್ಷಕ್ಕೆ ಗರಿಷ್ಠ 91 ದಿನ. ಮೊದಲ ಎರಡು ದಿನಕ್ಕೆ ಹಣವಿಲ್ಲ. ಹಿಂದಿನ ಕಾಯಿಲೆ ಮುಗಿದು 15 ದಿನದೊಳಗೆ ಮತ್ತೆ ಮಲಗಿದರೆ ಈ ಕಡಿತವಿಲ್ಲ.

ಒಂದು ಉದಾಹರಣೆ: ತಿಂಗಳ ಸಂಬಳ 18,000 ಎಂದಿಟ್ಟುಕೊಳ್ಳೋಣ. ನಮ್ಮಿಂದ ಕಡಿತ 135 ರೂಪಾಯಿ, ಮಾಲೀಕರಿಂದ 585. ದಿನಗೂಲಿ 600 ಆದರೆ ಕಾಯಿಲೆ ಭತ್ಯೆ ದಿನಕ್ಕೆ 420. ಹತ್ತು ದಿನ ಮಲಗಿದರೆ ಎಂಟು ದಿನಕ್ಕೆ 3,360 ರೂಪಾಯಿ. ಸಂಬಳ ಪಡೆದ ರಜೆಯ ದಿನಕ್ಕೆ ಮಾತ್ರ ಈ ಹಣ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಪಡೆಯಲಾಗದು.

ಕ್ಷಯ, ಕ್ಯಾನ್ಸರ್ ಮೊದಲಾದ ದೀರ್ಘ ಕಾಯಿಲೆಗಳಿಗೆ, ಎರಡು ವರ್ಷದ ಸೇವೆ ಮತ್ತು ನಿಗದಿತ ವಂತಿಗೆ ಇದ್ದವರಿಗೆ, ಶೇ. 80ರ ದರದಲ್ಲಿ ಎರಡು ವರ್ಷದವರೆಗೂ ಭತ್ಯೆ ವಿಸ್ತರಿಸಬಹುದು. ಕಾಯಿಲೆ ಭತ್ಯೆ ಪಡೆಯುತ್ತಿರುವ ನೌಕರರನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯುವುದು, ಶಿಕ್ಷಿಸುವುದು ಕಾನೂನುಬಾಹಿರ.

ನೀಲಗಿರಿ, ವಯನಾಡಿನ ಚಹಾ ತೋಟಗಳಲ್ಲಿ ದುಡಿಯುವವರಿಗೆ ದಾರಿ ಬೇರೆ. 1951ರ ತೋಟ ಕಾರ್ಮಿಕರ ಕಾಯ್ದೆಯಿಂದಲೂ ವೈದ್ಯರ ಪ್ರಮಾಣಪತ್ರದ ಮೇಲೆ ಕಾಯಿಲೆ ಭತ್ಯೆ ಕೇಳುವ ಹಕ್ಕು ಅವರಿಗಿದೆ.

ಆಸ್ಪತ್ರೆಯ ಚೀಟಿ

ನಮ್ಮಲ್ಲಿ ಹಲವರು ದೊಡ್ಡ ಕಾಯಿಲೆಗೆ ಗಡಿ ದಾಟುತ್ತಾರೆ. ಕಾಸರಗೋಡಿನವರಿಗೆ ಮಂಗಳೂರೇ ಹತ್ತಿರ. ಖಾಸಗಿ ಆಸ್ಪತ್ರೆಯ ಚೀಟಿ ಮಾಲೀಕರಿಗೆ ಸಾಕಾಗಬಹುದು. ಇಎಸ್‌ಐ ಭತ್ಯೆಗೆ ಮಾತ್ರ ಇಎಸ್‌ಐ ವೈದ್ಯರ ಪ್ರಮಾಣಪತ್ರವೇ ಮುಖ್ಯ. ಗುಣವಾದ ಮೇಲೆ ನೋಡೋಣ ಎಂದು ಬಿಡದೆ, ಮನೆಯವರ ಕೈಯಲ್ಲಾದರೂ ಕಾಗದಗಳನ್ನು ಬೇಗ ನಿಮ್ಮ ಇಎಸ್‌ಐ ಚಿಕಿತ್ಸಾಲಯಕ್ಕೆ ತಲುಪಿಸಿ. ಡಿಸ್ಚಾರ್ಜ್ ಸಾರಾಂಶ, ಔಷಧಿ ಚೀಟಿ, ಬಿಲ್ಲು ಯಾವುದನ್ನೂ ಎಸೆಯಬೇಡಿ.

ಸಿಟ್ಟು ಯಾರ ಮೇಲೆ?

ಕಾನೂನಿನ ಲೆಕ್ಕ ತಿಳಿದ ಮಾತ್ರಕ್ಕೆ ಕೆಲಸದ ಜಾಗದ ಅಸಮಾಧಾನ ತೀರುವುದಿಲ್ಲ. ಆರು ಜನರ ಬಟ್ಟೆ ಅಂಗಡಿಯಲ್ಲಿ ಹಬ್ಬದ ವಾರ ಇಬ್ಬರು ಮಲಗಿದರೆ ಉಳಿದ ನಾಲ್ವರ ಕಾಲು ನೋಯುವುದು ನಿಜ. ಸೋಮವಾರವೇ ಜ್ವರ ಬರುವವರು ಇರುವುದೂ ನಿಜ. ಆದರೆ ಆ ಒಬ್ಬರಿಗಾಗಿ ಎಲ್ಲರನ್ನೂ ಕಳ್ಳರಂತೆ ಕಂಡರೆ, ನಿಜವಾದ ಕಾಯಿಲೆಯವರು ಮಾತ್ರೆ ನುಂಗಿ ಕೌಂಟರಿಗೆ ಬರುತ್ತಾರೆ. ವಾರದೊಳಗೆ ಆರು ಜನರೂ ಕೆಮ್ಮುತ್ತಾರೆ.

ನಾವು ಕಂಡಂತೆ, ಹೆಚ್ಚಿನ ಜಗಳ ರಜೆಯಿಂದ ಹುಟ್ಟುವುದಿಲ್ಲ. ಬದಲಿ ವ್ಯವಸ್ಥೆ ಇಲ್ಲದಿರುವುದರಿಂದ, ಒಬ್ಬರಿಗೊಂದು ನ್ಯಾಯ ಇನ್ನೊಬ್ಬರಿಗೊಂದು ನ್ಯಾಯ ಆಗುವುದರಿಂದ ಹುಟ್ಟುತ್ತದೆ. ಮಾಲೀಕರ ನೆಂಟನಿಗೆ ಒಂದು ಫೋನ್ ಕರೆ ಸಾಕು, ಉಳಿದವರು ಚೀಟಿ ತರಬೇಕು ಎಂದರೆ ಯಾರಿಗೆ ತಾನೇ ಬೇಸರವಾಗದು? ಹೊರೆ ಹೊತ್ತವರ ದೂರು ನ್ಯಾಯವಾದದ್ದೇ. ಆದರೆ ಅದನ್ನು ಹೇಳಬೇಕಾದದ್ದು ಕೆಲಸ ಹಂಚುವವರಿಗೆ, ಹಾಸಿಗೆ ಹಿಡಿದವರಿಗಲ್ಲ.

ನಮ್ಮ ಸದಸ್ಯರಲ್ಲಿ ಅಂಗಡಿ, ಹೋಟೆಲ್ ನಡೆಸುವವರೂ ಇದ್ದಾರೆ. ಅವರಲ್ಲಿ ನಾಲ್ಕು ವಿನಂತಿ: ರಜೆಯ ನಿಯಮ ಬರೆದು ಎಲ್ಲರಿಗೂ ಕಾಣುವಂತೆ ಹಾಕಿ. ಎಷ್ಟು ದಿನಕ್ಕೆ ಚೀಟಿ ಬೇಕೆಂದು ಮೊದಲೇ ಹೇಳಿ. ಕಾಯಿಲೆಯ ಹೆಸರನ್ನು ಎಲ್ಲರೆದುರು ಕೇಳಬೇಡಿ. ಹೆಚ್ಚುವರಿ ದುಡಿದವರಿಗೆ ಅದಕ್ಕೆ ತಕ್ಕ ಹಣವನ್ನೋ ಬದಲಿ ಬಿಡುವನ್ನೋ ಕೊಡಿ.

ದೂರು ಕೊಡುವುದಾದರೆ

ಮೊದಲು ರಜೆ ಅರ್ಜಿಯ ಪ್ರತಿ ಇಟ್ಟುಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದ್ದರೆ ಅದೇ ದಿನ ಒಂದು ಸಂದೇಶ ಕಳುಹಿಸಿ. ಸಂಬಳ ಚೀಟಿಯಲ್ಲಿ ಇಎಸ್‌ಐ ಕಡಿತ ಕಾಣುತ್ತಿದೆಯೇ ನೋಡಿ. ಅಂಗಡಿ ರಜೆಯ ವಿಷಯಕ್ಕೆ ಆಯಾ ರಾಜ್ಯದ ಕಾರ್ಮಿಕ ಇಲಾಖೆ, ಭತ್ಯೆಯ ವಿಷಯಕ್ಕೆ ಇಎಸ್‌ಐ ಶಾಖಾ ಕಚೇರಿ.

ಭಾಷೆ ಬಾರದೆಂದು ಹಿಂಜರಿಯಬೇಡಿ. ಕುಂದುಕೊರತೆಯ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕಾಸರಗೋಡಿನ ಕನ್ನಡಿಗರಿಗೆ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ವ್ಯವಹರಿಸುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯೂ ಕೊಡುತ್ತದೆ.

ಅರ್ಜಿ ಬರೆಯಲು ನೆರವು ಬೇಕಾದವರು ತಮ್ಮ ಊರಿನ ಸಂಘದ ಪದಾಧಿಕಾರಿಗಳನ್ನು ಕಾಣಬಹುದು. ಆರೋಗ್ಯ ಕೆಟ್ಟಾಗ ಈ ಪುಟ ಹುಡುಕುವುದು ಕಷ್ಟ. ಚೆನ್ನಾಗಿರುವಾಗಲೇ ಓದಿ, ಜೊತೆಗೆ ದುಡಿಯುವವರಿಗೂ ತೋರಿಸಿ.