ಆಳಂದದ ರಾಮಯ್ಯನ ತಲೆ ಮತ್ತು ಗೇಮಿನ ಕ್ಯಾನನ್: ಕಥೆ ಬದಲಿಸೋ ಹಕ್ಕು ಯಾರದು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಿನಲ್ಲೋ ಹಾಸ್ಟೆಲಿನಲ್ಲೋ ಕೇಳ್ತಾ ಇದ್ದೀರಿ ಅಂದುಕೊಳ್ತೀನಿ. ಇವತ್ತಿನ ಸಂಚಿಕೆ ಹುಟ್ಟಿದ್ದು ಅಫಜಲಪುರ ಕಡೆಯ ಕೇಳುಗರೊಬ್ಬರು ಕಳಿಸಿದ ವಾಯ್ಸ್ ನೋಟಿನಿಂದ. ಹುಡುಗ ಸಿಟ್ಟಿಗೆದ್ದಿದ್ದ. "ಸರ್, ಗೇಮ್ ಕಂಪನಿಯವರು ಒಂದನೇ ಪಾರ್ಟಿನ್ಯಾಗ ಒಂದು ಹೇಳ್ತಾರ, ಎರಡನೇ ಪಾರ್ಟಿನ್ಯಾಗ ಕಥಿನೇ ಬದಲ್ ಮಾಡ್ತಾರ. ಇದು ಮೋಸ ಅಲ್ಲೇನ್ರಿ?"

ಒಳ್ಳೆ ಪ್ರಶ್ನೆ. ಗೇಮ್ ಆಡುವವರಿಗೆ ಇದು ಗೊತ್ತಿರೋ ಜಗಳ. ಒಂದು ಕಥಾಲೋಕದಲ್ಲಿ ಯಾವುದು 'ನಿಜವಾಗಿ' ನಡೆದದ್ದು ಅಂತ ಒಪ್ಪಿಕೊಳ್ಳುತ್ತಾರೋ ಅದು ಕ್ಯಾನನ್. ಹಿಂದೆ ಹೇಳಿದ್ದನ್ನು ಆಮೇಲೆ ತಿದ್ದಿದರೆ ಅದು ರೆಟ್‌ಕಾನ್. ಜೆಲ್ಡಾ ಗೇಮುಗಳನ್ನೇ ತಗೊಳ್ಳಿ. ಯಾವ ಗೇಮಿನ ಕಥೆ ಮೊದಲು, ಯಾವುದು ಆಮೇಲೆ ಅಂತ ಅಭಿಮಾನಿಗಳು ವರ್ಷಗಟ್ಟಲೆ ಬಡಿದಾಡಿದರು. 2011ರಲ್ಲಿ ನಿಂಟೆಂಡೊ ಒಂದು ಪುಸ್ತಕವನ್ನೇ ತಂದು, ಒಕರಿನಾ ಆಫ್ ಟೈಮ್ ಆದಮೇಲೆ ಕಾಲ ಮೂರು ಕವಲಾಗಿ ಒಡೆದಿದೆ ಅಂತ ತೀರ್ಪು ಕೊಟ್ಟಿತು. ಒಂದು ಕವಲಿನಲ್ಲಿ ನಾಯಕ ಸೋತೇ ಹೋಗಿರ್ತಾನೆ! ಸ್ಟಾರ್ ವಾರ್ಸ್ ವಿಷಯದಲ್ಲಿ 2014ರಲ್ಲಿ ಇನ್ನೂ ಕಠಿಣವಾದ ತೀರ್ಮಾನ ಬಂತು. ಹತ್ತಾರು ವರ್ಷ ಬಂದಿದ್ದ ಕಾದಂಬರಿ, ಕಾಮಿಕ್ಸು, ಗೇಮುಗಳನ್ನೆಲ್ಲ 'ಲೆಜೆಂಡ್ಸ್' ಅಂತ ಹಣೆಪಟ್ಟಿ ಹಚ್ಚಿ ಪಕ್ಕಕ್ಕಿಟ್ಟರು.

ಆ ಹುಡುಗನಿಗೆ ನಾನು ಹೇಳಬೇಕಾದದ್ದು ಇಷ್ಟೇ: ತಮ್ಮಾ, ನೀನು ಕೂತಿರೋ ನೆಲದಲ್ಲೇ ಈ ಜಗಳಕ್ಕೆ ಎಂಟು ನೂರು ವರ್ಷ ವಯಸ್ಸಾಗಿದೆ. ಆಳಂದದಿಂದ ಶುರು ಮಾಡೋಣ.

ಹನ್ನೆರಡನೇ ಶತಮಾನದಲ್ಲಿ ಆಳಂದಕ್ಕೆ 'ಅಲಂದೆ' ಅಂತ ಹೆಸರು. ಅಲ್ಲಿ ಪುರುಷೋತ್ತಮ ಭಟ್ಟ ಅನ್ನೋ ಶೈವ ಬ್ರಾಹ್ಮಣ. ಅವನ ಮಗ ರಾಮ. ಶಿವನೊಬ್ಬನನ್ನೇ ಏಕಾಂತವಾಗಿ ಪೂಜಿಸುತ್ತಿದ್ದನಾದ್ದರಿಂದ ಅವನು 'ಏಕಾಂತದ ರಾಮಯ್ಯ'. ಎನ್ನಯ್ಯ ಚೆನ್ನರಾಮ ಅನ್ನೋ ಅಂಕಿತದಲ್ಲಿ ಅವನ ಕೆಲವೇ ಕೆಲವು ವಚನಗಳು ಉಳಿದಿವೆ. ಆದರೆ ಅವನು ಹೆಸರಾಗಿದ್ದು ವಚನದಿಂದಲ್ಲ, ತಲೆಯಿಂದ.

ಇದು ನಮಗೆ ಗೊತ್ತಾಗೋದು ಅಬ್ಬಲೂರಿನ ಶಾಸನದಿಂದ. ಅಬ್ಬಲೂರು ಇರೋದು ಈಗಿನ ಹಾವೇರಿ ಜಿಲ್ಲೆಯಲ್ಲಿ, ಆಳಂದದಿಂದ ನೂರಾರು ಕಿಲೋಮೀಟರ್ ದೂರ. (ಸರ್ವಜ್ಞನ ಊರು ಅಂತಲೂ ಅಬ್ಬಲೂರಿನ ಹೆಸರು ಹೇಳ್ತಾರೆ, ಆ ಜಗಳ ಬೇರೆ ದಿನಕ್ಕಿರಲಿ.) ಅಲ್ಲಿನ ಸೋಮೇಶ್ವರ ಗುಡಿಯ ಈ ಶಾಸನ ಸುಮಾರು 1200ರದ್ದು. ಜೆ.ಎಫ್. ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಅದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಅಚ್ಚು ಹಾಕಿಸಿದರು.

ಶಾಸನದ ಕಥೆ ನೋಡ್ರಿ, ಥೇಟ್ ಗೇಮಿನ ಹಾಗೆ ಕಟ್‌ಸೀನಿನಿಂದಲೇ ಶುರು. ಕೈಲಾಸದಲ್ಲಿ ಶಿವನ ಸಭೆ. ನಾರದ ಬಂದು, ಭೂಮಿ ಮೇಲೆ ಜೈನರು ಬೌದ್ಧರು ಜೋರಾಗಿದ್ದಾರೆ ಅಂತ ದೂರು ಹೇಳ್ತಾನೆ. ಶಿವ ವೀರಭದ್ರನಿಗೆ ಮನುಷ್ಯನಾಗಿ ಹುಟ್ಟು ಅಂತ ಅಪ್ಪಣೆ ಕೊಡ್ತಾನೆ. ಹೀಗೆ ಅಲಂದೆಯಲ್ಲಿ ರಾಮ ಹುಟ್ಟುತ್ತಾನೆ. ದೊಡ್ಡವನಾಗಿ ಪುಲಿಗೆರೆಗೆ, ಅಂದರೆ ಈಗಿನ ಲಕ್ಷ್ಮೇಶ್ವರಕ್ಕೆ ಹೋಗ್ತಾನೆ. ಅಲ್ಲಿನ ಸೋಮನಾಥ ಅವನನ್ನು ಅಬ್ಬಲೂರಿಗೆ ಕಳಿಸ್ತಾನೆ.

ಅಬ್ಬಲೂರಿನಲ್ಲಿ ಸಂಕಗಾವುಂಡ ಮತ್ತವನ ಕಡೆಯ ಜೈನರ ಜೊತೆ ವಾದ ಹತ್ತಿಕೊಳ್ಳುತ್ತದೆ. ರಾಮಯ್ಯ ಪಣ ಕಟ್ಟುತ್ತಾನೆ: ನಾನು ತಲೆ ಕತ್ತರಿಸಿ ಶಿವನಿಗೆ ಒಪ್ಪಿಸಿ ಮತ್ತೆ ಪಡೆದರೆ ನೀವು ಜಿನನನ್ನು ತೆಗೆದು ಶಿವನನ್ನು ಇಡಬೇಕು. ಬಾಯಿಮಾತಲ್ಲ, ಓಲೆಯಲ್ಲಿ ಬರೆಸಿಕೊಳ್ಳುತ್ತಾನೆ. ತಲೆ ಕತ್ತರಿಸಿಕೊಳ್ಳುತ್ತಾನೆ. ಏಳು ದಿನ ಆದಮೇಲೆ ತಲೆ ಮತ್ತೆ ಕೂಡಿಕೊಳ್ಳುತ್ತೆ, ಕಲೆಯೂ ಉಳಿಯಲ್ಲ. ಜೈನರು ಮಾತಿಗೆ ತಪ್ಪುತ್ತಾರೆ. ರಾಮಯ್ಯ ಅವರ ಕಾವಲನ್ನು ಓಡಿಸಿ ಜಿನನ ಮೂರ್ತಿ ಒಡೆದು ವೀರ ಸೋಮನಾಥನನ್ನು ಸ್ಥಾಪಿಸುತ್ತಾನೆ. ದೂರು ಬಿಜ್ಜಳನ ತನಕ ಹೋಗುತ್ತದೆ. ರಾಮಯ್ಯ ಅಲ್ಲಿ ಓಲೆ ತೋರಿಸಿ, ಬೇಕಾದರೆ ಇನ್ನೊಮ್ಮೆ ತಲೆ ಕತ್ತರಿಸಿ ತೋರಿಸ್ತೀನಿ, ಈ ಸಲ ನಿಮ್ಮ ಬಸದಿಗಳನ್ನೆಲ್ಲ ಪಣಕ್ಕಿಡಿ ಅಂತಾನೆ. ಅವರು ಒಪ್ಪಲ್ಲ. ಬಿಜ್ಜಳ ಜಯಪತ್ರ ಕೊಡ್ತಾನೆ.

ಈಗ ಕಿವಿಗೊಟ್ಟು ಕೇಳಿ. ಇಷ್ಟು ಉದ್ದದ ಶಾಸನದಲ್ಲಿ ಬಿಜ್ಜಳ ಇದ್ದಾನೆ, ಆದರೆ ಬಿಜ್ಜಳನ ಭಂಡಾರಿ ಬಸವಣ್ಣನವರ ಹೆಸರೇ ಇಲ್ಲ!

ಹದಿಮೂರನೇ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವಪುರಾಣ ಬರೆದ. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದ. ಈ ಪುರಾಣದಲ್ಲಿ ರಾಮಯ್ಯನೂ ಬರ್ತಾನೆ, ಆದರೆ ಬಸವಣ್ಣನ ದೊಡ್ಡ ಕಥೆಯೊಳಗಿನ ಒಂದು ಕಥೆಯಾಗಿ. ಶಾಸನದಲ್ಲಿ ಅವನೇ ಹೀರೋ, ಪುರಾಣದಲ್ಲಿ ಅವನು ಸೈಡ್ ಕ್ವೆಸ್ಟ್. ಬೇರೆ ಬೇರೆ ಊರಿನ, ಬೇರೆ ಬೇರೆ ಸಂದರ್ಭದ ಭಕ್ತರನ್ನೆಲ್ಲ ಒಂದೇ ಯೂನಿವರ್ಸಿಗೆ ಸೇರಿಸೋ ಕೆಲಸ ಅದು. ಸೂಪರ್‌ಹೀರೋ ಸಿನಿಮಾದವರು ಇತ್ತೀಚೆಗೆ ಕಲಿತ ವಿದ್ಯೆ.

ಇದನ್ನು ಮೋಸ ಅನ್ನಬೇಕಾ? ನಾನು ಅನ್ನಲ್ಲ. ಪುರಾಣದ ಕವಿಗೆ ತಾರೀಖು ಮುಖ್ಯ ಅಲ್ಲ, ಭಕ್ತಿ ಮುಖ್ಯ. ಅವನ ಕೇಳುಗರಿಗೂ ಹಾಗೇ. ಆದರೆ ಇತಿಹಾಸ ಬರೆಯೋರು ಯಾವುದೋ ಒಂದನ್ನೇ ಕ್ಯಾನನ್ ಅಂತ ಹಿಡಿದರೆ ಎಡವಟ್ಟಾಗುತ್ತೆ. ಫ್ಲೀಟ್ ಸಾಹೇಬರಿಗೆ ಆದದ್ದೂ ಅದೇ. ಶಾಸನದಲ್ಲಿ ಬಸವಣ್ಣ ಇಲ್ಲ ಅನ್ನೋದನ್ನು ನೋಡಿ, ಆಗಿನ ಶೈವ ಚಳವಳಿಯ ನಿಜವಾದ ಮುಂದಾಳು ರಾಮಯ್ಯನೇ ಇರಬೇಕು ಅನ್ನೋ ಕಡೆ ವಾಲಿದರು. ಆಮೇಲೆ ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ 1260ರ ಶಾಸನ ಬೆಳಕಿಗೆ ಬಂತು. ಅದರಲ್ಲಿ ಬಾಗೇವಾಡಿಯ ಬಸವಣ್ಣನ ಹೆಸರು ಸ್ಪಷ್ಟವಾಗಿದೆ. ಹೆಸರಿಲ್ಲ ಅಂದ ಮಾತ್ರಕ್ಕೆ ಮನುಷ್ಯ ಇರಲಿಲ್ಲ ಅಂತ ಅಲ್ಲ. ಅಬ್ಬಲೂರಿನ ಗುಡಿಗೆ ತನ್ನ ಕಥೆ ಹೇಳಿಕೊಳ್ಳಬೇಕಿತ್ತು, ತನಗೆ ಬಂದ ದತ್ತಿಗಳ ಲೆಕ್ಕ ಕಲ್ಲಿನಲ್ಲಿ ಇಡಬೇಕಿತ್ತು, ಅಷ್ಟೇ. ಶಾಸನ ಅಂದ್ರೆ ಒಂಥರಾ ಆಸ್ತಿಪತ್ರ ಕಣ್ರೀ, ಸಿಸಿಟಿವಿ ಫುಟೇಜ್ ಅಲ್ಲ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಶಾಸನ, ಪುರಾಣ ಎರಡೂ ಬರೆದದ್ದು ಗೆದ್ದವರ ಕಡೆಯವರು. ಸಂಕಗಾವುಂಡ ತನ್ನ ಮಗನಿಗೆ ಆ ದಿನದ ಕಥೆ ಹೆಂಗೆ ಹೇಳಿದ್ದಾನು? ಆ ಗುಡಿಯಲ್ಲಿ ಈ ಪ್ರಸಂಗದ ಶಿಲ್ಪಗಳೂ ಇವೆ, ಕೆಳಗೆ ಸಣ್ಣ ಬರಹಗಳ ಜೊತೆಗೆ. ಮೂರ್ತಿ ಒಡೆದದ್ದನ್ನು ಹೆಮ್ಮೆಯಿಂದ ಕೆತ್ತಿದ್ದಾರೆ. ಈ ಕಥೆಯಲ್ಲಿ ಸೋತವರ ಕ್ಯಾಂಪೇನ್ ಆಡೋ ಆಯ್ಕೆಯನ್ನು ನಮಗೆ ಯಾರೂ ಉಳಿಸಿಲ್ಲ.

ಇದು ಬರೀ ಹಳೇ ಮಾತಲ್ಲ. ಇದೇ ಆಳಂದದ ಲಾಡ್ಲೆ ಮಶಾಕ್ ದರ್ಗಾದ ಆವರಣದಲ್ಲಿ ರಾಘವ ಚೈತನ್ಯರ ಶಿವಲಿಂಗವೂ ಇದೆ. 2022ರ ಶಿವರಾತ್ರಿ ಹೊತ್ತಿಗೆ ಅಲ್ಲಿ ಗಲಾಟೆಯಾಗಿ, ಪೂಜೆಯ ವಿಷಯ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ನಿಮಗೆಲ್ಲ ಗೊತ್ತು. ಒಂದೇ ಜಾಗಕ್ಕೆ ಎರಡು ಕಥೆ ಇದ್ದಾಗ, ಎರಡನ್ನೂ ಕೇಳಿಸಿಕೊಂಡು ಬದುಕೋದು ನಮ್ಮ ಕಡೆ ಮಂದಿಗೆ ಬಹಳ ಕಾಲ ರೂಢಿ ಇತ್ತು. ಒಂದೇ ಸರಿ ಅಂತ ಹಟ ಹಿಡಿದ ದಿನ ಪೊಲೀಸ್ ವ್ಯಾನ್ ಬರುತ್ತೆ.

ಸರಿ, ಕವಿಗಳ ಕಡೆ ಹೋಗೋಣ, ಅಲ್ಲಿ ಮಜಾ ಜಾಸ್ತಿ. ಅಲ್ಲಮಪ್ರಭುವಿನ ಕಥೆ ಹರಿಹರ ಹೇಳೋದೇ ಬೇರೆ, ಚಾಮರಸ ಹೇಳೋದೇ ಬೇರೆ. ಹರಿಹರನ ಅಲ್ಲಮ ಕಮಲತೆ ಅನ್ನೋಳನ್ನು ಪ್ರೀತಿಸ್ತಾನೆ, ಅವಳ ಜೊತೆ ಸಂಸಾರ ಮಾಡ್ತಾನೆ. ಅವಳು ಜ್ವರ ಬಂದು ಸಾಯ್ತಾಳೆ. ಅಲ್ಲಮ ಹುಚ್ಚನಂತೆ ಅಲೆದು, ಕಾಲ್ಬೆರಳಲ್ಲಿ ನೆಲ ಕೆದರುವಾಗ ಹುಗಿದುಹೋದ ಗುಡಿಯ ಕಳಸ ಕಾಣುತ್ತೆ. ಒಳಗೆ ಹೋದರೆ ಅನಿಮಿಷಯ್ಯ, ಅವನ ಕೈಯಲ್ಲಿ ಲಿಂಗ. ಹದಿನೈದನೇ ಶತಮಾನಕ್ಕೆ ಬಂದರೆ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಈ ಪ್ರೀತಿ, ಈ ಸಾವು ಎಲ್ಲಾ ಕಟ್. ಅಲ್ಲಿ ಬರೋದು ಮಾಯಾದೇವಿ, ಬನವಸಿಯ ರಾಜ ಮಮಕಾರನ ಮಗಳು. ಅಲ್ಲಮ ಅವಳೆದುರು ಮದ್ದಳೆ ಬಾರಿಸ್ತಾನೆ, ಆದರೆ ಅವಳ ಕೈಗೆ ಸಿಗೋದಿಲ್ಲ. ಮೊದಲಿನವನು ನೊಂದು ಬೆಳೆದ ಮನುಷ್ಯ, ಎರಡನೆಯವನು ಮೊದಲೇ ಲೆವೆಲ್ ಮ್ಯಾಕ್ಸ್ ಆಗಿ ಬಂದವನು.

ಅಕ್ಕಮಹಾದೇವಿಗೂ ಹೀಗೇ. ಹರಿಹರನ ಪ್ರಕಾರ ಅವಳು ಷರತ್ತು ಹಾಕಿ ಕೌಶಿಕನನ್ನು ಮದುವೆಯಾದಳು, ಷರತ್ತು ಮುರಿದಾಗ ಹೊರಟಳು. ಚಾಮರಸನಲ್ಲಿ ಮದುವೆಯೇ ಆಗಿಲ್ಲ. ನನ್ನ ಓಟು ಹರಿಹರನಿಗೆ. ಕಳಕೊಂಡು ಹುಡುಕುವ ಅಲ್ಲಮ, ಮನೆ ಬಿಟ್ಟು ಬರುವ ಅಕ್ಕ, ಇಬ್ಬರೂ ನನಗೆ ಹತ್ತಿರದವರು ಅನ್ನಿಸುತ್ತಾರೆ. ಆದರೆ ಚಾಮರಸನಿಗೆ ಹಿಂಗ್ಯಾಕೆ ಬೇಕಾಯ್ತು ಅನ್ನೋದೂ ತಿಳಿಯುತ್ತೆ. ಅವನ ಹೊತ್ತಿಗೆ ಅಲ್ಲಮ ಶೂನ್ಯಪೀಠದ ಒಡೆಯ. ಪೀಠದ ಮೇಲೆ ಕೂತವನಿಗೆ ಬ್ರೇಕಪ್ ಕಥೆ ಹೊಂದಲಿಲ್ಲ.

ಶೂನ್ಯಸಂಪಾದನೆಯಂತೂ ನಾಲ್ಕು ಸಲ ಆಯಿತು. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ. ವಚನಗಳನ್ನು ಜೋಡಿಸಿ ಸಂಭಾಷಣೆ ಮಾಡೋ ಕೆಲಸ. ಯಾವುದೋ ಹೊತ್ತಿನಲ್ಲಿ ಹೇಳಿದ ವಚನ ಇಲ್ಲಿ ಇನ್ಯಾರಿಗೋ ಉತ್ತರವಾಗಿ ಬಂದು ಕೂರುತ್ತೆ. ದೊಡ್ಡ ಬದಲಾವಣೆ ಆದದ್ದು ಸೊಲ್ಲಾಪುರದ ಸಿದ್ಧರಾಮಯ್ಯನ ವಿಷಯದಲ್ಲಿ. ಮೊದಲ ಸಂಪಾದನೆಯಲ್ಲಿ ಅವನಿಗೆ ಇಷ್ಟಲಿಂಗ ದೀಕ್ಷೆ ಆಗುವ ಪ್ರಸಂಗವಿಲ್ಲ, ಮುಂದೆ ಅದನ್ನು ಸೇರಿಸಿದರು. ದೀಕ್ಷೆ ಇಲ್ಲದವನು ಪೀಠದ ಪರಂಪರೆಯಲ್ಲಿ ಹೆಂಗೆ ಬಂದ ಅನ್ನೋ ಪ್ರಶ್ನೆ ಎದ್ದಿತ್ತು, ಪ್ಯಾಚ್ ಬಂತು.

ಜೇವರ್ಗಿಯ ದಾರಿ ಬೇರೆ. ಅಲ್ಲಿನ ಷಣ್ಮುಖಸ್ವಾಮಿಗಳು ಹದಿನೇಳನೇ ಶತಮಾನದವರು, ಕಲ್ಯಾಣ ಮುಗಿದು ಐನೂರು ವರ್ಷ ಆಗಿತ್ತು. ಅವರು ಹಳೇ ಶರಣರ ಬಾಯಿಗೆ ಹೊಸ ಮಾತು ತುರುಕಲಿಲ್ಲ. 'ಅಖಂಡೇಶ್ವರ' ಅನ್ನೋ ತಮ್ಮದೇ ಅಂಕಿತದಲ್ಲಿ ಏಳು ನೂರಕ್ಕೂ ಹೆಚ್ಚು ವಚನ ಬರೆದರು. ಹಳೇ ಲೋಕವನ್ನೇ ಮುಂದುವರಿಸಿದರು, ಆದರೆ ಸೈನ್ ತಮ್ಮದೇ. ಈ ಪ್ರಾಮಾಣಿಕತೆ ಎಲ್ಲರಲ್ಲೂ ಇರಲಿಲ್ಲ. ವಚನಕಾರರ ಹೆಸರಿನಲ್ಲಿ ಬಂದು ಸೇರಿಕೊಂಡದ್ದನ್ನು ಜರಡಿ ಹಿಡಿಯೋದಕ್ಕೇ ವಿದ್ವಾಂಸರಿಗೆ ದಶಕಗಳು ಬೇಕಾದವು. 1993ರಲ್ಲಿ ಸರ್ಕಾರ ತಂದ 15 ಸಂಪುಟಗಳ ಸಮಗ್ರ ವಚನ ಸಂಪುಟದ ಹಿಂದೆ ಅಂಥ ಕೆಲಸ ಇದೆ.

ಅಫಜಲಪುರದ ಹುಡುಗನಿಗೆ ಅವನ ತಾಲೂಕಿನದೂ ಒಂದು ಹೇಳಬೇಕಲ್ಲ. ದೇವಲ ಗಾಣಗಾಪುರದ ನರಸಿಂಹ ಸರಸ್ವತಿಗಳ ಗುರುಚರಿತ್ರೆ ಮರಾಠಿ ಗ್ರಂಥ. ಬರೆದ ಸರಸ್ವತಿ ಗಂಗಾಧರನ ಮನೆಮಾತು ಕನ್ನಡ. ಅವನ ಪೂರ್ವಜ ಸಾಯಂದೇವ ಆಳಂದ ತಾಲೂಕಿನ ಕಡಗಂಚಿಯವನು, ಹೌದ್ರೀ, ಈಗ ಸೆಂಟ್ರಲ್ ಯೂನಿವರ್ಸಿಟಿ ಇರೋ ಕಡಗಂಚಿ. ಮರಾಠಿ ಓವಿಗಳ ನಡುವೆ ಅಲ್ಲಲ್ಲಿ ಕನ್ನಡ ಪದ್ಯವೂ ಇಣುಕುತ್ತೆ. ಪಾರಾಯಣಕ್ಕೆ ಕಟ್ಟುನಿಟ್ಟಿನ ನಿಯಮ. ಅಷ್ಟಾದರೂ ಕೆಲವು ಪ್ರತಿಗಳಲ್ಲಿ 51 ಅಧ್ಯಾಯ, ಕೆಲವದರಲ್ಲಿ 52, ಇನ್ನು ಕೆಲವದರಲ್ಲಿ 53. ಸಂಗಮದಲ್ಲಿ ಮುಳುಗಿ ಬಂದು ಪಾರಾಯಣಕ್ಕೆ ಕೂರೋ ಭಕ್ತರು ಇದಕ್ಕೆ ತಲೆ ಕೆಡಿಸಿಕೊಂಡಿದ್ದನ್ನು ನಾನು ನೋಡಿಲ್ಲ.

ಹಾಗಾದರೆ ನಮ್ಮವರು ಯಾವಾಗಲೂ ಉದಾರಿಗಳು ಅಂತ ಎದೆ ತಟ್ಟಿಕೊಳ್ಳಬಹುದಾ? ತಾಳಿ. ಎಚ್.ಎಸ್. ಶಿವಪ್ರಕಾಶರ ಮಹಾಚೈತ್ರ ನಾಟಕಕ್ಕೆ ತೊಂಬತ್ತರ ದಶಕದಲ್ಲಿ ದೊಡ್ಡ ವಿರೋಧ ಬಂತು. ಪಿ.ವಿ. ನಾರಾಯಣರ ಧರ್ಮಕಾರಣ ಕಾದಂಬರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು, ಸರ್ಕಾರದ ಮುಟ್ಟುಗೋಲೂ ಬಂತು. ಚೆನ್ನಬಸವಣ್ಣನ ಹುಟ್ಟಿನ ಸುತ್ತ ಲೇಖಕರು ಕಟ್ಟಿಕೊಂಡ ಕಲ್ಪನೆ ಭಕ್ತರಿಗೆ ನೋವು ತಂದಿತ್ತು. 2007ರಲ್ಲಿ ಸುಪ್ರೀಂ ಕೋರ್ಟ್ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ಅದೇ ಚೆನ್ನಬಸವಣ್ಣನ ಹುಟ್ಟಿನ ಬಗ್ಗೆ ಎಂ.ಎಂ. ಕಲಬುರ್ಗಿಯವರು 'ಮಾರ್ಗ' ಸಂಪುಟದಲ್ಲಿ ಬರೆದಿದ್ದರು. ಅವರದು ಕಾದಂಬರಿಯಲ್ಲ, ಸಂಶೋಧನೆ. 1989ರಲ್ಲಿ ಒತ್ತಡಕ್ಕೆ ಮಣಿದು ಅದನ್ನು ಹಿಂದಕ್ಕೆ ತಗೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದ ಮನೆ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು.

ಅಸ್ಸಾಸಿನ್ಸ್ ಕ್ರೀಡ್ ಶುರುವಾಗುವಾಗ ಪರದೆ ಮೇಲೆ ಒಂದು ಸಾಲು ಬರುತ್ತಲ್ಲ, ಇದು ಇತಿಹಾಸದಿಂದ ಪ್ರೇರಿತವಾದ ಕಲ್ಪನೆ, ನಾನಾ ಧರ್ಮ ನಂಬಿಕೆಯವರು ಕೂಡಿ ಮಾಡಿದ್ದು ಅಂತ? ನೀವೆಲ್ಲ ಸ್ಕಿಪ್ ಒತ್ತುತ್ತೀರಿ. ಪುಣೆಯ ನೋಡಿಂಗ್ ಹೆಡ್ಸ್ ತಂಡ 2020ರಲ್ಲಿ ರಾಜಿ ಅನ್ನೋ ಗೇಮ್ ತಂದಾಗ ದುರ್ಗೆಯನ್ನೂ ವಿಷ್ಣುವನ್ನೂ ತಂದರು, ಆದರೆ ನಾಯಕಿ ಮಾತ್ರ ಯಾವ ಪುರಾಣದಲ್ಲೂ ಇಲ್ಲದ, ತಮ್ಮನನ್ನು ಹುಡುಕಿ ಹೊರಟ ಹುಡುಗಿ. ಜಾಣತನದ ಆಯ್ಕೆ ಅನ್ನಿಸಿತು ನನಗೆ. ನಾಳೆ ಕಲಬುರಗಿಯ ಇಂಜಿನಿಯರಿಂಗ್ ಹುಡುಗರು ಕಲ್ಯಾಣದ ಮೇಲೆ ಗೇಮ್ ಮಾಡಿದರೆ ಅಲ್ಲಮನಿಗೆ ಕಮಲತೆ ಇರ್ತಾಳಾ? ರಾಮಯ್ಯನ ಅಬ್ಬಲೂರಿನಲ್ಲಿ ಸಂಕಗಾವುಂಡನ ಪಾತ್ರವನ್ನೂ ಆಡೋಕೆ ಬಿಡ್ತಾರಾ? ಬಿಟ್ಟರೆ ನಾನು ಮೊದಲ ದಿನವೇ ಡೌನ್‌ಲೋಡ್ ಮಾಡ್ತೀನಿ.

ಆ ವಾಯ್ಸ್ ನೋಟಿನ ಹುಡುಗ ಕೊನೆಗೆ ಇನ್ನೊಂದು ಕೇಳಿದ್ದ: ಸಿದ್ಧರಾಮಯ್ಯ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದ್ದು ಖರೇನೋ, ಅದೂ ಕಥಿಯೋ? ಕೆರೆ ಖರೇನೇ ಅದ. ಮುಂದಿನ ವಾರ ಅದರ ದಂಡೆ ಮೇಲೆ ಸಿಗೋಣ.