ಅಲಾನ್ಯದ ಕೋಟೆ, ಹೊನ್ನಾವರದ ಶಾಲೆಗಳು

ಒಮ್ಮೆ ಭೂಪಟವನ್ನು ಬಿಡಿಸಿ ಟರ್ಕಿಯ ದಕ್ಷಿಣ ಕರಾವಳಿಯನ್ನು ನೋಡಿ. ಅಂತಾಲ್ಯ ನಗರದಿಂದ ಪೂರ್ವಕ್ಕೆ ಸುಮಾರು 130 ಕಿ.ಮೀ. ದೂರದಲ್ಲಿ ಅಲಾನ್ಯ ಎಂಬ ಊರಿದೆ. ಅಲ್ಲಿ ಬೆಟ್ಟವೊಂದು ಸಮುದ್ರದೊಳಕ್ಕೆ ಚಾಚಿಕೊಂಡಿದೆ. ಅದರ ಎತ್ತರ ಸುಮಾರು 250 ಮೀಟರ್. ಬೆಟ್ಟವನ್ನು ಬಳಸಿಕೊಂಡು ಆರು ಕಿಲೋಮೀಟರಿಗೂ ಹೆಚ್ಚು ಉದ್ದದ ಕೋಟೆಗೋಡೆ, ಅದರ ಬುಡದಲ್ಲಿ ಹಳೆಯ ಬಂದರು. ಎಂದಾದರೂ ಅಲ್ಲಿಗೆ ಹೋಗುವ ಅವಕಾಶ ನಿಮಗೆ ಸಿಕ್ಕಿದರೆ ಮೊದಲು ಬೆಟ್ಟ ಹತ್ತಬೇಡಿ, ಬಂದರಿನಿಂದಲೇ ಆರಂಭಿಸಿ. ಏಕೆಂದರೆ ಆ ಕೋಟೆ ಹುಟ್ಟಿದ್ದೇ ಬಂದರಿಗಾಗಿ.

ಅನಾತೋಲಿಯದ ಸೆಲ್ಜುಕರ ರಾಜಧಾನಿ ಕೊನ್ಯ ಒಳನಾಡಿನಲ್ಲಿತ್ತು. ವ್ಯಾಪಾರ ಬೆಳೆಯಲು ಅವರಿಗೆ ಕಡಲು ಬೇಕಿತ್ತು. 1207ರಲ್ಲಿ ಅಂತಾಲ್ಯ, 1214ರಲ್ಲಿ ಕಪ್ಪು ಸಮುದ್ರದ ದಡದ ಸಿನೋಪ್ ಅವರ ವಶವಾದವು. ನಂತರ ಸುಲ್ತಾನ್ ಅಲಾವುದ್ದೀನ್ ಕೈಕುಬಾದ್ 1221ರ ಸುಮಾರಿಗೆ ಈ ಊರನ್ನು ಗೆದ್ದನು. ಆಗ ಇದರ ಹೆಸರು ಕಲೊನೊರೊಸ್. ಸುಲ್ತಾನನ ಹೆಸರಿನಿಂದ ಅದು ಅಲಾಇಯ್ಯ ಆಯಿತು, ಕಾಲಾಂತರದಲ್ಲಿ ಅಲಾನ್ಯ ಎನಿಸಿತು. ಸೋತ ದೊರೆ ಕಿರ್ ವಾರ್ತನಿಗೆ ಒಳನಾಡಿನ ಅಕ್‌ಶೆಹಿರ್‌ನ ಆಡಳಿತವನ್ನು ವಹಿಸಲಾಯಿತು. ಅವನ ಮಗಳನ್ನು ಸುಲ್ತಾನನೇ ವಿವಾಹವಾದನು.

ಬಂದರಿನ ಪಕ್ಕದಲ್ಲಿ ನಿಂತಿರುವ ಎಂಟು ಮೂಲೆಯ ಗೋಪುರವೇ ಕೆಂಪು ಬುರುಜು. ಇದು 1226ರಲ್ಲಿ ಪೂರ್ಣಗೊಂಡಿತು, ಎತ್ತರ 33 ಮೀಟರ್. ಕೆಳಭಾಗಕ್ಕೆ ಕಲ್ಲು, ಮೇಲ್ಭಾಗಕ್ಕೆ ಕೆಂಪು ಇಟ್ಟಿಗೆ ಬಳಸಿದ್ದಾರೆ. ಹೆಸರು ಬಂದದ್ದು ಆ ಇಟ್ಟಿಗೆಯ ಬಣ್ಣದಿಂದ. ಮುತ್ತಿಗೆಯ ಕಾಲದಲ್ಲಿ ನೀರು ಕೊರತೆಯಾಗದಿರಲೆಂದು ಬುರುಜಿನ ನಡುವೆಯೇ ನೀರಿನ ತೊಟ್ಟಿ ಕಟ್ಟಿದ್ದಾರೆ. ಇದನ್ನು ಕಟ್ಟಿದ ಶಿಲ್ಪಿ ಸಿರಿಯಾದ ಹಲಬ್ ನಗರದ ಅಬೂ ಅಲಿ. ಅವನ ಹೆಸರು ಗೋಡೆಯ ಶಾಸನದಲ್ಲಿ ಇಂದಿಗೂ ಇದೆ. ಸಿನೋಪ್ ಕೋಟೆಯಲ್ಲೂ ಕೆಲಸ ಮಾಡಿದವನು ಇದೇ ಅಬೂ ಅಲಿ. ಸುಲ್ತಾನನ ಹೆಸರಿನ ಜೊತೆಗೆ ಕೆಲಸಗಾರನ ಹೆಸರನ್ನೂ ಕಲ್ಲು ಉಳಿಸಿಕೊಂಡಿರುವುದನ್ನು ಗಮನಿಸಿ.

ಬುರುಜಿನಿಂದ ದಡದ ಗುಂಟ ಸ್ವಲ್ಪ ನಡೆದರೆ 1228ರ ಹಡಗುಕಟ್ಟೆ ಸಿಗುತ್ತದೆ. ಕಮಾನು ಛಾವಣಿಯ ಐದು ಉದ್ದನೆಯ ಕೋಣೆಗಳು ನೇರವಾಗಿ ಸಮುದ್ರಕ್ಕೆ ತೆರೆದುಕೊಂಡಿವೆ. ಬೆಟ್ಟದ ಹಿಂದಿನ ಸೀಮೆಯಲ್ಲಿ ಮರ ಹೇರಳವಾಗಿತ್ತು. ಆ ಮರದಿಂದ ಇಲ್ಲಿ ಹಡಗುಗಳು ಸಿದ್ಧವಾಗುತ್ತಿದ್ದವು. ಪ್ರವೇಶದ್ವಾರದ ಬದಿಯಲ್ಲಿ ಕೆಲಸಗಾರರಿಗಾಗಿ ಒಂದು ಪುಟ್ಟ ಮಸೀದಿಯೂ ಇದೆ.

ಕೋಟೆ ಕಟ್ಟಿದ ಸುಮಾರು ನೂರು ವರ್ಷಗಳ ನಂತರ, 1330ರ ಆಸುಪಾಸಿನಲ್ಲಿ, ಮೊರಾಕ್ಕೊದ ಪ್ರವಾಸಿ ಇಬ್ನು ಬತೂತ ಇದೇ ಬಂದರಿನಲ್ಲಿ ಇಳಿದನು. ಸಿರಿಯಾದ ಲಾಝಿಕಿಯ್ಯದಿಂದ ಅವನನ್ನು ಕರೆತಂದದ್ದು ಜಿನೋವಾದ ಕ್ರೈಸ್ತರ ಹಡಗು. ಅವರು ತಮ್ಮನ್ನು ಗೌರವದಿಂದ ಕಂಡರು, ಪ್ರಯಾಣದ ಹಣವನ್ನೂ ಪಡೆಯಲಿಲ್ಲ ಎಂದು ಅವನು ಹೇಳಿದ್ದಾನೆ. ಕ್ರೂಸೇಡ್ ಯುದ್ಧಗಳ ನೆನಪು ಇನ್ನೂ ಹಸಿಯಾಗಿದ್ದ ಕಾಲವದು ಎಂಬುದನ್ನು ಮರೆಯದಿರಿ. ಈಜಿಪ್ಟ್ ಮತ್ತು ಸಿರಿಯಾದ ವರ್ತಕರು ಇಲ್ಲಿಗೆ ಬರುತ್ತಿದ್ದುದನ್ನೂ, ಇಲ್ಲಿನ ಮರ ಅಲೆಕ್ಸಾಂಡ್ರಿಯಾಕ್ಕೆ ಹೋಗುತ್ತಿದ್ದುದನ್ನೂ ಅವನು ದಾಖಲಿಸಿದ್ದಾನೆ. ಶುಕ್ರವಾರ ಊರಿನ ಖಾಝಿಯವರೊಂದಿಗೆ ಬೆಟ್ಟದ ಕೋಟೆಗೆ ಹತ್ತಿ ನಮಾಝ್ ಮಾಡಿದನು.

ಈಗ ನಮ್ಮ ಕರಾವಳಿಗೆ ಬನ್ನಿ. ಹತ್ತು ಹನ್ನೆರಡು ವರ್ಷಗಳ ಬಳಿಕ ಅದೇ ಇಬ್ನು ಬತೂತ, ದಿಲ್ಲಿಯ ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟವನು, ಶರಾವತಿಯ ಅಳಿವೆಯಲ್ಲಿರುವ ಹೊನ್ನಾವರಕ್ಕೆ ಬಂದನು. ಅಲ್ಲಿ ಅವನು ಎಣಿಸಿ ಬರೆದದ್ದು ಬುರುಜುಗಳನ್ನಲ್ಲ, ಶಾಲೆಗಳನ್ನು. ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23! ಇಂಥದನ್ನು ಬೇರೆಲ್ಲೂ ಕಂಡಿಲ್ಲವೆಂದೂ, ಅಲ್ಲಿನ ಸ್ತ್ರೀಯರಿಗೆ ಕುರ್‌ಆನ್ ಕಂಠಪಾಠವಾಗಿತ್ತೆಂದೂ ಹೇಳಿದ್ದಾನೆ. ಅಷ್ಟು ಹೊತ್ತಿಗೆ ಅವನು ಮಕ್ಕಾ, ಕೈರೋ, ದಮಸ್ಕಸ್‌ಗಳನ್ನು ನೋಡಿ ಬಂದಿದ್ದನು.

ವಿದ್ಯಾರ್ಥಿ ಮಿತ್ರರೇ, ಅಲಾನ್ಯದ ಬುರುಜು ಸುಮಾರು 800 ವರ್ಷಗಳಿಂದ ನಿಂತಿದೆ. ಪ್ರವಾಸಿಗರು ಅದರ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಹೊನ್ನಾವರದ ಆ 36 ಶಾಲೆಗಳ ಮುಂದೆ ಹಾಗೆ ನಿಲ್ಲಲು ನಮಗೆ ಸಾಧ್ಯವಿಲ್ಲ. ಅವು ಒಬ್ಬ ಪ್ರವಾಸಿಯ ಪುಸ್ತಕದಲ್ಲಿ ಉಳಿದುಕೊಂಡಿವೆ. ಕೋಟೆಗೆ ಕಾವಲುಗಾರರಿದ್ದರೆ ಸಾಕು, ಕಲ್ಲು ತಾನಾಗಿ ನಿಲ್ಲುತ್ತದೆ. ಶಾಲೆ ಹಾಗಲ್ಲ. ಅದನ್ನು ಪ್ರತಿಯೊಂದು ತಲೆಮಾರು ಮತ್ತೆ ಕಟ್ಟಬೇಕಾಗುತ್ತದೆ. ಒಂದು ತಲೆಮಾರು ಕೈಬಿಟ್ಟರೂ ಅದರ ಗುರುತು ಸಿಗುವುದಿಲ್ಲ.

ಆದ್ದರಿಂದ ಅಲಾನ್ಯಕ್ಕೆ ಹೋಗಲಾಗದಿದ್ದರೆ ಬೇಸರ ಬೇಡ. ಹೊನ್ನಾವರಕ್ಕೆ ಹೋಗಿ, ಅಳಿವೆಯ ದಡದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನಂತರ ನಿಮ್ಮ ಊರಿಗೆ ಮರಳಿ ಒಂದು ಎಣಿಕೆ ಮಾಡಿ. ಇಬ್ನು ಬತೂತ ಇಂದು ನಿಮ್ಮ ಊರಿಗೆ ಬಂದರೆ ಏನನ್ನು ಎಣಿಸಿ ಬರೆದುಕೊಳ್ಳುತ್ತಾನೆ? ಆ ಲೆಕ್ಕದಲ್ಲಿ ಹೆಣ್ಣುಮಕ್ಕಳ ಶಾಲೆಗಳು ಎಷ್ಟಿರುತ್ತವೆ?