ಡೋಲಿನ ಸದ್ದು ಯಾರ ಕಿವಿಗೆ ಹೇಗೆ?

ಆಟಿ ತಿಂಗಳು. ಪುತ್ತೂರು, ಸುಳ್ಯ, ಕಡಬದ ಕಡೆ ಜಡಿಮಳೆ. ದೂರದಲ್ಲಿ ತೆಂಬರೆ ಸದ್ದು ಕೇಳಿದರೆ ಉಳ್ಳವರ ಮನೆಯ ಮಕ್ಕಳು ಅಂಗಳಕ್ಕೆ ಓಡುತ್ತಾರೆ, ಕಳಂಜ ಬಂದ, ಊರಿನ ಮಾರಿ ಕಳೀತು ಅಂತ. ಕಳಂಜನ ವೇಷ ಕಟ್ಟುವ ನಲಿಕೆಯವರ ಗುಡಿಸಲಲ್ಲಿ ಅದೇ ಸದ್ದು ನೆನಪಿಸುವುದು ಬೇರೆ: ಮಳೆಗೆ ಕೂಲಿ ನಿಂತ ದಿನ, ಬರಿದಾದ ಮಡಕೆ, ಮನೆಮನೆ ಅಲೆದು ತಂದ ಸೇರಕ್ಕಿ.

ರಷ್ಯಾದ ವಿಜ್ಞಾನಿ ಪಾವ್ಲೋವ್, ನಾಯಿಗೆ ತಿನ್ನಲು ಹಾಕುವ ಮುಂಚೆ ಮತ್ತೆ ಮತ್ತೆ ಸದ್ದು ಮಾಡಿ, ಕೊನೆಗೆ ಬರೀ ಸದ್ದಿಗೇ ಅದು ಜೊಲ್ಲು ಸುರಿಸುವುದನ್ನು ತೋರಿಸಿದ. ಕಿವಿಗೆ ಬಿದ್ದದ್ದು ಹೊಟ್ಟೆಯ ಅನುಭವಕ್ಕೆ ಗಂಟುಬೀಳುವುದು ಹೀಗೆ. ಆದರೆ ಮನುಷ್ಯರ ವಿಷಯದಲ್ಲಿ ನಾವು ಇನ್ನೊಂದು ಪ್ರಶ್ನೆ ಕೇಳಲೇಬೇಕು: ಆ ಗಂಟು ಹಾಕಿದವರು ಯಾರು?

ತುಳುನಾಡಿನ ಕೊರಗರ ಡೋಲನ್ನೇ ನೋಡಿ. ಕಂಬಳದ ಹಿಂದಿನ ರಾತ್ರಿ ಅವರು ನಿದ್ದೆಗೆಟ್ಟು ಡೋಲು ಬಾರಿಸಬೇಕಿತ್ತು. ಬೆಳಗಾದರೆ ಕೋಣಗಳಿಗಿಂತ ಮುಂಚೆ ಕೋಣಗಳ ಹಾಗೆ ಓಡಬೇಕಿತ್ತು. ಉಗುರು, ಕೂದಲು ಬೆರೆಸಿದ ಅನ್ನವನ್ನೂ ತಿನ್ನಬೇಕಿತ್ತು, ಅನ್ಯರ ಪೀಡೆ ಇವರ ಹೊಟ್ಟೆ ಸೇರಲಿ ಅಂತ! ಇಂಥದ್ದಕ್ಕೆ ಅಜಲು ಎಂದು ಹೆಸರು. ಗದ್ದೆಯ ಧನಿಗೆ ಆ ಡೋಲು ಹಬ್ಬ. ಬಾರಿಸಿದವನ ಮಗನಿಗೆ ಅವಮಾನ. 2000ದಲ್ಲಿ ಕರ್ನಾಟಕ ಅಜಲು ನಿಷೇಧ ಕಾಯ್ದೆ ಮಾಡಿತು. ಕಾಯ್ದೆ ಧನಿಯ ಕೈಯನ್ನು ತಡೆದೀತು. ಕಿವಿಯೊಳಗೆ ಕೂತ ಹೆದರಿಕೆಯನ್ನು?

ಪುತ್ತೂರಿನಲ್ಲಿ ದಶಕಗಟ್ಟಲೆ ಬಾಳಿದ ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮ ಬಯಸಿದ್ದು ಸ್ವಂತ ಬೇಸಾಯಕ್ಕೆ ಒಂದು ತುಂಡು ನೆಲ. ಅದು ಸಿಗದೆ ಸಿಟ್ಟು, ದುಃಖವೆಲ್ಲ ದುಡಿಯ ಮೇಲೆ ಇಳಿಯಿತು. ಓದಿದವರ ಕಣ್ಣು ಒದ್ದೆಯಾಯಿತು, ನಿಜ. ಆದರೆ ಬರೆದ ಕಿವಿ ಚೋಮನದಲ್ಲ. 1974ರ ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟ ಗೇಣಿ ಒಕ್ಕಲಿಗೆ ನೆಲ ದಕ್ಕಿತು. ಗೇಣಿಗೂ ಗದ್ದೆ ಸಿಗದೆ ಬರೀ ಕೂಲಿಯಾಳಾಗಿದ್ದ ಚೋಮನಂಥವರು ಯಾವ ಡಿಕ್ಲರೇಶನ್ ಕೊಟ್ಟಾರು? ದುಡಿ ಅವರ ಕಿವಿಯಲ್ಲಿ ಇನ್ನೂ ಆ ನೆಲವನ್ನೇ ಕೇಳುತ್ತಿದೆ.

ಹಾಗಂತ ಡೋಲು, ದುಡಿಗಳನ್ನು ಸುಡಬೇಕೇ? ಬೇಡ. ತಮ್ಮದೇ ಸಭೆ, ಮೆರವಣಿಗೆಗಳಲ್ಲಿ ಕೊರಗರ ಹುಡುಗರು ಡೋಲು ಬಾರಿಸುವಾಗ ಅಪ್ಪಣೆ ಧನಿಯದ್ದಲ್ಲ. ಹಳೇ ಗಂಟು ಸಡಿಲವಾಗುವುದು ಅಲ್ಲೇ. ಮಾಸ್ತರ ಗೆಳೆಯರು ಜಾನಪದದ ಪಾಠ ಮಾಡುವಾಗ ಮಕ್ಕಳನ್ನು ಒಂದು ಮಾತು ಕೇಳಲಿ: ಈ ಸದ್ದು ನಿಮ್ಮ ಅಜ್ಜಿಗೆ ಏನನ್ನು ನೆನಪಿಸುತ್ತದೆ? ಧನಿಗಳ ಚರಿತ್ರೆ ಕಾಗದಪತ್ರದಲ್ಲಿದೆ. ನಮ್ಮದು ಅಜ್ಜ ಅಜ್ಜಿಯರ ಕಿವಿಯಲ್ಲಿದೆ. ಅವರು ಇರುವಾಗಲೇ ಬರೆದಿಡೋಣ.